ಗುಂಡಿನ ಅಚ್ಚು

ಕನ್ನಡದಲ್ಲಿ ‘ಅಚ್ಚು’ ಎಂಬ ಮಾತಿಗಿರುವ ಬಳಗ ದೊಡ್ಡದು. ಬೆಲ್ಲಕ್ಕೊಂದು ಅಚ್ಚು, ಸಂಕ್ರಾಂತಿಯ ಸಕ್ಕರೆಗೊಂದು ಅಚ್ಚು, ಇಟ್ಟಿಗೆಗೊಂದು ಅಚ್ಚು. ಕವಿಯ ಹಸ್ತಪ್ರತಿ ಕೂಡ ಅಚ್ಚಾದ ಮೇಲೆಯೇ ಪುಸ್ತಕವಾಗುತ್ತದೆ. ಈ ಬಳಗದ ಒಬ್ಬ ಸದಸ್ಯನ ವಿಷಯ ಮಾತ್ರ ನಮ್ಮ ಸಾಹಿತ್ಯದ ಮಾತುಕತೆಯಲ್ಲಿ ಬರುವುದು ಅಪೂರ್ವ. ಅದೇ ಕೋವಿಯ ಗುಂಡನ್ನು ಎರಕ ಹೊಯ್ಯುವ ಅಚ್ಚು. ಕನ್ನಡ ಓದಿಸಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ನೀವು ಕೇಳಬಹುದು. ಈ ಪುಟ್ಟ ಸಾಧನದಲ್ಲಿ ನಮ್ಮ ನಾಡಿನ ಚರಿತ್ರೆಯ ಒಂದು ತುಣುಕು ಅಡಗಿದೆ. ಅದು ಈಗ ಗುಜರಿ ಅಂಗಡಿಯ ದಾರಿ ಹಿಡಿದಿದೆ. ಅದಕ್ಕಾಗಿಯೇ ಈ ಮಾತು.

ನಾನು ಇಂತಹ ಅಚ್ಚೊಂದನ್ನು ನೋಡಿದ್ದು ಇಚಿಲಂಪಾಡಿಯ ಒಂದು ಕೃಷಿಕರ ಮನೆಯಲ್ಲಿ. ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಈ ಗ್ರಾಮದಲ್ಲಿ ಅಡಕೆ ತೋಟವೂ ಕಾಡೂ ಒಂದಕ್ಕೊಂದು ಬೆನ್ನು ತಾಗಿಸಿಕೊಂಡಿವೆ. ಮನೆಯ ಹಿರಿಯರು ಅದನ್ನು ಅಟ್ಟದಿಂದ ಇಳಿಸಿ ನನ್ನ ಕೈಗಿತ್ತಾಗ, ಮೊದಲ ನೋಟಕ್ಕೆ ಅಡಕತ್ತರಿಯೆಂದೇ ಅನಿಸಿತು. ಅದೇ ಎರಡು ಹಿಡಿ, ಅದೇ ಕೀಲು. ಬಾಯಿ ತೆರೆದರೆ ಮಾತ್ರ ಅಲಗಿಲ್ಲ. ಎರಡು ಕಬ್ಬಿಣದ ದವಡೆಗಳಲ್ಲಿ ಅರ್ಧರ್ಧ ಗೋಲದ ಎರಡು ಗುಳಿಗಳು. ಮುಚ್ಚಿದರೆ ಒಳಗೆ ಪೂರ್ಣಗೋಲ, ಮೇಲೆ ಸೀಸ ಸುರಿಯಲು ಒಂದು ಕಿರುಬಾಯಿ.

“ಇದರ ಗುಂಡು ಈ ಕೋವಿಗೆ ಮಾತ್ರ ಮಾಸ್ಟ್ರೇ, ನೆರೆಮನೆಯ ಕೋವಿಗೆ ಆಗುವುದಿಲ್ಲ” ಎಂದರು ಅವರು.

ಆ ಮಾತು ಅಕ್ಷರಶಃ ನಿಜ. ಹಿಂದಿನ ಕೇಪಿನ ಕೋವಿಗಳು ಕಾರ್ಖಾನೆಯ ಒಂದೇ ಅಳತೆಯವಲ್ಲ. ಒಂದೊಂದು ನಳಿಗೆಗೆ ಒಂದೊಂದು ಒಳಸುತ್ತು. ಆದುದರಿಂದ ಕೋವಿಯ ಜೊತೆಗೇ ಅದರ ಅಚ್ಚೂ ಮನೆ ಸೇರುತ್ತಿತ್ತು. ನಾವು ಇಂದಿಗೂ ‘೧೨ ಬೋರಿನ ಕೋವಿ’ ಎನ್ನುತ್ತೇವಲ್ಲ, ಆ ಸಂಖ್ಯೆ ಹುಟ್ಟಿದ್ದೂ ಅಚ್ಚಿನಿಂದಲೇ. ಒಂದು ರಾತಲು ಸೀಸವನ್ನು ೧೨ ಸಮನಾದ ಗುಂಡುಗಳಾಗಿ ಎರೆದರೆ, ಅದರಲ್ಲಿ ಒಂದು ಗುಂಡು ಯಾವ ನಳಿಗೆಗೆ ಸರಿಯಾಗಿ ಕೂರುವುದೋ ಅದು ೧೨ ಬೋರು. ಆ ಗುಂಡು ಸುಮಾರು ೩೮ ಗ್ರಾಂ ತೂಗುತ್ತದೆ. ನಳಿಗೆಯ ಒಳಸುತ್ತಿನ ಅಡ್ಡಗಲ ಸುಮಾರು ಹದಿನೆಂಟೂವರೆ ಮಿಲಿಮೀಟರು. ೧೬ ಬೋರು ೧೨ಕ್ಕಿಂತ ಕಿರಿದು ಏಕೆಂಬುದೂ ಇದರಿಂದ ತಿಳಿಯುತ್ತದೆ: ಅದೇ ರಾತಲಿನಲ್ಲಿ ಹೆಚ್ಚು ಗುಂಡುಗಳನ್ನು ಎರೆಯಬೇಕಾದರೆ ಪ್ರತಿಯೊಂದೂ ಚಿಕ್ಕದಾಗಲೇಬೇಕು.

ಲೋಹಗಳ ನಡುವೆ ಸೀಸ ಬಹಳ ಮೆದು ಸ್ವಭಾವದ್ದು. ತಾಮ್ರ ಕರಗಲು ೧೦೮೫ ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಸೀಸಕ್ಕೆ ೩೨೭ ಸಾಕು. ಆಚಾರಿಯ ಕುಲುಮೆಯಿಲ್ಲದೆ ಮನೆಯ ಒಲೆಯಲ್ಲೇ ಎರಕ ಸಾಧ್ಯವಾದದ್ದು ಈ ಕಾರಣದಿಂದ. ಆದರೆ ಒಲೆ ಸುಲಭವೆಂದಮಾತ್ರಕ್ಕೆ ಅಚ್ಚು ಸುಲಭವಲ್ಲ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ. ಒಳಗಿನ ಗಾಳಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಗುಂಡಿನೊಳಗೆ ಪೊಳ್ಳು ಉಳಿಯುತ್ತದೆ. ಕಬ್ಬಿಣದ ಅಚ್ಚು ತಲೆಮಾರುಗಳವರೆಗೆ ಬಾಳುತ್ತದೆ, ಆದರೆ ನಮ್ಮ ಮಳೆಗಾಲದಲ್ಲಿ ಎಣ್ಣೆ ಕಾಣದಿದ್ದರೆ ತುಕ್ಕು ತಿನ್ನುತ್ತದೆ. ಹಿತ್ತಾಳೆಗೆ ಕಬ್ಬಿಣದ ತುಕ್ಕಿಲ್ಲ, ಆದರೆ ಅದು ಭಾರ. ಅಮೆರಿಕದಲ್ಲಿ ಗುಂಡು ಎರೆಯುವುದು ಈಗಲೂ ಹಲವರ ಮೆಚ್ಚಿನ ಹವ್ಯಾಸ. ಅಲ್ಲಿ ಅಲ್ಯೂಮಿನಿಯಂ ಅಚ್ಚುಗಳು ಬಂದಿವೆ. ಹಗುರ, ಬೇಗ ಕಾಯುತ್ತವೆ. ಆದರೆ ಒರಟು ಕೈಗೆ ತಾಳುವುದಿಲ್ಲ. ಯಾವ ಅಚ್ಚು ಮೇಲೆಂದು ಅಲ್ಲಿಯ ಹವ್ಯಾಸಿಗಳು ವಾದಿಸುವುದನ್ನು ಓದುವಾಗ, ಯಾವ ತಾಳೆಯೋಲೆ ಬರೆಹಕ್ಕೆ ಮೇಲೆಂದು ಹಿಂದಿನ ಲಿಪಿಕಾರರು ವಾದಿಸಿರಬಹುದೆಂದು ನನಗೆ ತೋರುತ್ತದೆ.

ಮನೆಯಲ್ಲಿ ಗುಂಡು ಎರೆದ ಕೆಲಸ ಚರಿತ್ರೆಯನ್ನೇ ಮುಟ್ಟಿದ ಒಂದು ಪ್ರಸಂಗ ಅಮೆರಿಕದಲ್ಲಿದೆ. ೧೭೭೬ರ ಜುಲೈಯಲ್ಲಿ ನ್ಯೂಯಾರ್ಕಿನ ಜನ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಪ್ರತಿಮೆಯನ್ನು ಉರುಳಿಸಿದರು. ಚಿನ್ನದ ಲೇಪವಿದ್ದ ಆ ಪ್ರತಿಮೆಯ ಒಡಲು ಸೀಸ. ಅದರ ತುಂಡುಗಳನ್ನು ಲಿಚ್‌ಫೀಲ್ಡ್ ಎಂಬ ಊರಿಗೆ ಸಾಗಿಸಲಾಯಿತು. ಅಲ್ಲಿ ಹೆಂಗಸರೂ ಮಕ್ಕಳೂ ಕುಳಿತು ೪೨,೦೮೮ ಗುಂಡುಗಳನ್ನು ಸಿದ್ಧಪಡಿಸಿದರೆಂದು ಲೆಕ್ಕ ಉಳಿದಿದೆ. ದೊರೆಯ ಮೂರ್ತಿ ದೊರೆಯ ಸೈನ್ಯದ ಮೇಲೆಯೇ ಗುಂಡಾಗಿ ಹಾರಿತು.

ನಮ್ಮ ಕಡೆಯ ಚರಿತ್ರೆಯೂ ಈ ಮಾತಿಗೆ ಹೊರತಲ್ಲ. ೧೮೩೪ರಲ್ಲಿ ಕೊಡಗಿನ ಅರಸೊತ್ತಿಗೆ ಕೊನೆಗೊಂಡು ಅಮರ ಸುಳ್ಯ, ಪುತ್ತೂರು ಸೀಮೆಗಳು ಕಂಪೆನಿಯ ಕೆನರಾ ಜಿಲ್ಲೆಗೆ ಸೇರಿದವು. ದವಸದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. ೧೮೩೭ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ರೈತರು ಎದ್ದರು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೂ ನಡೆದರು. ರೈತನ ಮನೆಯ ಆಯುಧಕ್ಕೆ ಸರಕಾರ ಏಕೆ ಅಂಜುತ್ತದೆ ಎಂಬ ಪ್ರಶ್ನೆಗೆ ಈ ಒಂದು ಘಟನೆಯಲ್ಲಿಯೇ ಉತ್ತರವಿದೆ.

ಮುಂದಿನ ಅಧ್ಯಾಯವನ್ನು ಬರೆದದ್ದು ಅಚ್ಚಿನ ಆಕಾರದಲ್ಲಿ ಆದ ಬದಲಾವಣೆ. ಗೋಲದ ಗುಂಡಿನ ಜಾಗಕ್ಕೆ, ತುದಿ ಚೂಪಾಗಿ ಬುಡ ಟೊಳ್ಳಾಗಿರುವ ಗುಂಡನ್ನು ಫ್ರಾನ್ಸಿನ ಮಿನಿಯೆ ಎಂಬ ಸೇನಾಧಿಕಾರಿ ೧೮೪೯ರ ಸುಮಾರಿಗೆ ರೂಪಿಸಿದ. ಅದೇ ಮಾದರಿಯ ಗುಂಡು, ಜಿಡ್ಡು ಸವರಿದ ಕಾಗದದ ತೋಟೆಯಲ್ಲಿ ಕೂತು ೧೮೫೭ರಲ್ಲಿ ನಮ್ಮ ಸಿಪಾಯಿಗಳ ಹಲ್ಲಿಗೆ ಬಂದಿತು. ಆ ಜಿಡ್ಡಿನಿಂದ ಹೊತ್ತಿದ ಕಿಡಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಅದೇ ವರುಷ ಬಂದ ನಿಶ್ಶಸ್ತ್ರೀಕರಣದ ಕಾನೂನನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಊರು ಸುಟ್ಟುಹೋಯಿತು, ಮುಂದಾಳುಗಳು ಗಲ್ಲಿಗೇರಿದರು. ಆ ದುರಂತವನ್ನು ಹಾಡಿದ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವರು ಅದೇ ಆಂಗ್ಲ ಸರಕಾರದ ಅಧಿಕಾರಿ ಜಾನ್ ಫ್ಲೀಟ್ ಎಂಬುದು ಸಾಹಿತ್ಯದ ವಿದ್ಯಾರ್ಥಿ ಮರೆಯಬಾರದ ಸಂಗತಿ. ಕೊಡಗಿನವರಿಗೆ ಮಾತ್ರ ೧೮೬೧ರಲ್ಲಿ ಆ ಕಾನೂನಿನಿಂದ ವಿನಾಯಿತಿ ದೊರೆಯಿತು. ಅದು ರೂಪಾಂತರಗಳನ್ನು ದಾಟಿ ಈಗಲೂ ಉಳಿದಿದೆ. ಘಟ್ಟದ ಕೆಳಗಿನ ನಮಗೆ ಆ ಭಾಗ್ಯವಿಲ್ಲ. ಇಲ್ಲಿ ಪರವಾನಿಗೆಯಿಲ್ಲದೆ ಕೋವಿಯಿಲ್ಲ.

ಕಾನೂನಿನ ಭಾಷೆಯಲ್ಲೂ ಒಂದು ಸ್ವಾರಸ್ಯವಿದೆ. ೧೮೭೮ರ ಆಯುಧ ಕಾಯಿದೆ ಮದ್ದುಗುಂಡು ಎಂದರೇನೆಂದು ವಿವರಿಸುವಾಗ, ಬರಿಯ ಸೀಸವನ್ನು ಅದರ ಹೊರಗಿಟ್ಟು, ಮದ್ದುಗುಂಡು ತಯಾರಿಸುವ ಯಂತ್ರಸಾಮಗ್ರಿಯನ್ನು ಒಳಗೆ ಸೇರಿಸಿತು. ಸ್ವತಂತ್ರ ಭಾರತದ ೧೯೫೯ರ ಕಾಯಿದೆಯೂ ತಯಾರಿಕೆಯ ಸಾಮಗ್ರಿಯನ್ನು ಬಿಟ್ಟಿಲ್ಲ. ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದು ಅದರ ಪ್ರಕಾರ ಅಪರಾಧ. ವಸ್ತುವಿಗಿಂತ ವಸ್ತುವಿಗೆ ಆಕಾರ ಕೊಡುವ ಸಾಧನವೇ ಹೆಚ್ಚಿನದೆಂಬುದನ್ನು ಕಾನೂನು ಬರೆದವರು ಚೆನ್ನಾಗಿ ಅರಿತಿದ್ದರು.

ಈ ಮಾತಿಗೆ ಇನ್ನೊಂದು ಸಾಕ್ಷಿ ನಮ್ಮ ಮಂಗಳೂರಿನಲ್ಲೇ ಇದೆ. ೧೮೪೧ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ಮುದ್ರಣಾಲಯ ತೆರೆದರು. ೧೮೪೩ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟಿತು. ಮುಂದೆ ಮೊಳೆಯಚ್ಚು ಬಂತು, ೧೮೯೪ರಲ್ಲಿ ಕಿಟೆಲ್ಲರ ಮಹಾಕೋಶ ಬಂತು. ಆ ಮೊಳೆಗಳ ಲೋಹ ಯಾವುದು? ಸೀಸ, ಗಟ್ಟಿತನಕ್ಕೆ ತುಸು ತವರ, ತುಸು ಆಂಟಿಮನಿ. ಗುಂಡು ಗಟ್ಟಿಯಾಗಬೇಕೆನ್ನುವವರು ಬೆರೆಸುವುದೂ ಇವೇ ಲೋಹಗಳನ್ನು. ಅಮೆರಿಕದ ಹವ್ಯಾಸಿಗಳು ಮುಚ್ಚಿಹೋದ ಮುದ್ರಣಾಲಯಗಳ ಹಳೆಯ ಮೊಳೆಗಳನ್ನು ಹುಡುಕಿ ಕೊಂಡದ್ದುಂಟು. ಒಂದು ಅಚ್ಚಿನಲ್ಲಿ ಸುರಿದರೆ ‘ಅ’ಕಾರ, ಮತ್ತೊಂದರಲ್ಲಿ ಸುರಿದರೆ ಗುಂಡು. ಸೀಸಕ್ಕೆ ತನ್ನದೆಂಬ ಪಕ್ಷವಿಲ್ಲ.

ಪಕ್ಷವಿಲ್ಲದಿದ್ದರೂ ವಿಷವಿದೆ. ದೇಹ ಸೇರಿದ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕುಂದು ತರುತ್ತದೆ. ಇಷ್ಟಾದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐರೋಪ್ಯ ಒಕ್ಕೂಟವು ಜೌಗು ನೆಲಗಳಲ್ಲಿ ಸೀಸದ ಚರೆಯನ್ನು ೨೦೨೩ರಿಂದ ನಿಷೇಧಿಸಿದೆ. ನೀರಹಕ್ಕಿಗಳು ಅದನ್ನು ಕಲ್ಲುಹರಳೆಂದು ನುಂಗಿ ಸಾಯುತ್ತಿದ್ದವು. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆಯ ಬಾಗಿಲೂ ಮುಚ್ಚಿದೆ. ಅಡುಗೆಯ ಒಲೆಯ ಮೇಲೆ ಸೀಸ ಕರಗಿಸುತ್ತಿದ್ದ ಕಾಲ ಮರಳಿ ಬರಲೆಂದು ನಾನು ಬಯಸುವವನಲ್ಲ.

ಆದರೆ ಆ ಕಾಲದ ಒಂದು ಗುಣವನ್ನು ಗಮನಿಸಬೇಕು. ಕೇಪಿನ ಕೋವಿಯವನು ಒಂದು ಈಡು ಹಾರಿಸಿದರೆ ಮತ್ತೊಂದಕ್ಕೆ ಮೊದಲಿನಿಂದ ತುಂಬಬೇಕಿತ್ತು. ಗುಂಡೋ, ತಾನೇ ಕುಳಿತು ಬೆವರಿ ಎರೆದದ್ದು. ಹಾಗಾಗಿ ಅವನು ಲೆಕ್ಕವಿಟ್ಟು ಖರ್ಚುಮಾಡುತ್ತಿದ್ದ. ಅಂಗಡಿಯಿಂದ ಡಬ್ಬಿಗಟ್ಟಲೆ ತಂದವನಿಗೆ ಆ ಲೆಕ್ಕ ಬರುವುದು ಕಷ್ಟ. ಅಚ್ಚು ಗುಂಡಿಗೆ ಕೊಟ್ಟಂತೆಯೇ ಹಿಡಿದ ಕೈಗೂ ಒಂದು ಅಳತೆ ಕೊಟ್ಟಿತ್ತು.

ಇಂದಿನ ಕೃಷಿಕನ ಸಂಕಟ ಬೇರೆ ಬಗೆಯದು. ಮಂಗ ಎಳೆಯ ಬೊಂಡ ಕೆಡವುತ್ತದೆ, ಹಂದಿ ಗದ್ದೆ ಬಗೆಯುತ್ತದೆ, ಆನೆ ತೋಟಕ್ಕೇ ನುಗ್ಗುತ್ತದೆ. ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸುವ ತಾಪತ್ರಯವನ್ನು ನಮ್ಮ ಜಿಲ್ಲೆಯ ಕೃಷಿಕರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹೆದರಿಸುವ ಸದ್ದಷ್ಟೇ ಅವರಿಗೆ ಬೇಕಾಗಿರುವುದು. ಕಾಡಿನ ಪ್ರಾಣಿಗೂ ತೋಟದ ಮನುಷ್ಯನಿಗೂ ನ್ಯಾಯವಾಗುವ ದಾರಿಯನ್ನು ನಮ್ಮ ಕಾಲ ಇನ್ನೂ ಕಂಡುಕೊಂಡಿಲ್ಲ.

ಈ ನಡುವೆ ಹಿರಿಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇದ್ದಾರೆ. ಕೋವಿ ಕಾನೂನಿನ ಪ್ರಕಾರ ಠಾಣೆ ಸೇರುತ್ತದೆ. ಹೆಸರೂ ಗೊತ್ತಿಲ್ಲದ ಆ ಅಚ್ಚು ಹಳೆಯ ಕಬ್ಬಿಣದ ತೂಕಕ್ಕೆ ಹೋಗುತ್ತದೆ. ಮುದ್ರಣಾಲಯದ ಮೊಳೆಗಳೂ ಹೀಗೆಯೇ ಹೋದವು. ಆಮೇಲೆ ನಾವು ಪ್ರದರ್ಶನಕ್ಕಿಡಲು ಒಂದು ಪೆಟ್ಟಿಗೆ ಮೊಳೆಗಾಗಿ ಅಲೆದೆವು. ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ಅಟ್ಟದಲ್ಲಿ ಇಂತಹದೊಂದು ಕಂಡರೆ ಅದರಲ್ಲಿ ಸೀಸ ಸುರಿಯಬೇಡಿ, ಗುಜರಿಗೂ ಎಸೆಯಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅದು ಯಾರು ಮಾಡಿದ್ದು, ಅದರ ಕೋವಿ ಯಾವುದು, ಅದರ ಭಾಗಗಳಿಗೆ ತುಳುವಿನಲ್ಲೋ ಕನ್ನಡದಲ್ಲೋ ಏನೆನ್ನುತ್ತಿದ್ದರು ಎಂದು ಕೇಳಿ ಬರೆದಿಡಿ. ಆಮೇಲೆ ಅಧಿಕಾರಿಗಳಿಗೆ ತಿಳಿಸಿ, ಒಪ್ಪಿಗೆ ದೊರೆತರೆ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಕೊಡಿ. ಅಚ್ಚು ಹೋದರೂ ಅದರ ಮಾತುಗಳಾದರೂ ಉಳಿಯಲಿ.