ಜೀವ ಉಳಿಸ್ಲಿಕ್ಕೆ ಹೊಡೆದೆ ಅಂದ್ರೆ ಕೋರ್ಟು ನಂಬ್ತದಾ?

ಈ ವಾರದ ವಿಷಯ ಸ್ವಲ್ಪ ಗಂಭೀರ. ಕಡಬದಿಂದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಪ್ರಶ್ನೆ ಇಷ್ಟೇ: "ರಾತ್ರಿ ತೋಟಕ್ಕೆ ಅಡಿಕೆ ಕದಿಯಲಿಕ್ಕೆ ಯಾರಾದ್ರೂ ಬಂದ್ರೆ ಗುಂಡು ಹೊಡೀಬಹುದಾ? ಸತ್ರೆ ಅದು ಆತ್ಮರಕ್ಷಣೆ ಆಗ್ತದಲ್ವಾ?" ಅವರ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಹೆಚ್ಚಿನವರು "ಹೌದು, ಆಗ್ತದೆ" ಅಂದಿದ್ದಾರಂತೆ.

ಉತ್ತರ ಮೊದಲೇ ಹೇಳಿಬಿಡ್ತೇನೆ. ಆಗುವುದಿಲ್ಲ. ಯಾಕೆ ಅಂತ ನೋಡುವ. ನಾನು ಬಿ.ಕಾಂ. ಓದಿದವ, ವಕೀಲ ಅಲ್ಲ. ಕೋರ್ಟಲ್ಲಿ ಈಗ ನಡೀತಾ ಇರುವ ನಮ್ಮೂರಿನ ಯಾವ ಕೇಸಿನ ಬಗ್ಗೆಯೂ ಇವತ್ತು ಮಾತಾಡುವುದಿಲ್ಲ.

ನಮ್ಮ ಕಡೆಗೆ ಈ ಪ್ರಶ್ನೆ ತುಂಬಾ ಹತ್ತಿರದ್ದು. ಪುತ್ತೂರು, ಸುಳ್ಯ, ಕಡಬದ ಒಳಗೆ ಹೋದ್ರೆ ತೋಟದ ನಡುವೆ ಒಂಟಿ ಮನೆಗಳು. ಕೂಗಿದ್ರೆ ಪಕ್ಕದ ಮನೆಗೆ ಕೇಳುವುದಿಲ್ಲ. ಹಂದಿ, ಮಂಗಗಳ ಕಾಟಕ್ಕೆ ಅಂತ ಲೈಸೆನ್ಸ್ ಕೋವಿ ಇಟ್ಟವರಿದ್ದಾರೆ. ಕೈಯಲ್ಲಿ ಕತ್ತಿ ಇಲ್ಲದೆ ತೋಟಕ್ಕೆ ಇಳಿಯುವವರು ಕಡಿಮೆ. ಬೇಲಿ, ನೀರು, ದಾರಿ ಅಂತ ವರ್ಷಗಟ್ಟಲೆ ಎಳೆಯುವ ತಕರಾರುಗಳೂ ಉಂಟು. ಆಯುಧ ಕೈಗೆ ಸಿಗುವಲ್ಲೇ ಇರುವಾಗ ಮಾತಿನ ಜಗಳ ಕೊಲೆ ಆಗಲಿಕ್ಕೆ ಒಂದು ನಿಮಿಷ ಸಾಕು.

ಈಗ ಕಾನೂನು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ. ನಿಮ್ಮ ಜೀವ ಮಾತ್ರ ಅಲ್ಲ, ಇನ್ನೊಬ್ಬರ ಜೀವ, ಆಸ್ತಿಯನ್ನೂ ಕಾಪಾಡುವ ಹಕ್ಕು ನಿಮಗುಂಟು. ಆದರೆ ಎದುರಿನವ ಸಾಯುವಷ್ಟು ಬಲ ಬಳಸುವ ಹಕ್ಕು ಕೆಲವೇ ಸಂದರ್ಭಗಳಲ್ಲಿ. ಜೀವ ಹೋಗ್ತದೆ ಅಥವಾ ತೀವ್ರ ಗಾಯ ಆಗ್ತದೆ ಎಂಬ ಸಕಾರಣ ಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ, ಇಂಥವು. ಆಸ್ತಿ ವಿಷಯದಲ್ಲಿ ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆ ಮುರಿದು ಒಳನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ಇಂಥವು.

ಬರೀ ಅಡಿಕೆ ಕಳ್ಳತನ ಈ ಪಟ್ಟಿಯಲ್ಲಿ ಇಲ್ಲ. ಕಳ್ಳನನ್ನು ತಡೀಬಹುದು, ಹಿಡೀಬಹುದು, ಅದಕ್ಕೆ ಬೇಕಾದಷ್ಟು ಬಲ ಬಳಸಬಹುದು. ಅವನೇ ಕತ್ತಿ ಬೀಸಿಕೊಂಡು ಮೈಮೇಲೆ ಬಂದ್ರೆ ಲೆಕ್ಕ ಬೇರೆ. ಗೋಣಿ ಬಿಸಾಡಿ ಓಡುವವನ ಬೆನ್ನಿಗೆ ಗುಂಡು ಹೊಡೆದ್ರೆ ಅದು ರಕ್ಷಣೆ ಅಲ್ಲ. ಭಯ ಇರುವವರೆಗೆ ಮಾತ್ರ ಆ ಹಕ್ಕು. ಭಯ ಮುಗಿದ ಮೇಲೆ ಬೀಳುವ ಪೆಟ್ಟು ಸೇಡು. ಮತ್ತೆ, ಪೊಲೀಸರನ್ನು ಕರೆಯಲಿಕ್ಕೆ ಸಮಯ ಇದ್ದೂ ಕರೆಯದೆ ಹೊಡೆದ್ರೆ ಈ ಹಕ್ಕೇ ಸಿಗುವುದಿಲ್ಲ.

ಒಂದು ವೇಳೆ ಒಳ್ಳೆ ಉದ್ದೇಶದಿಂದಲೇ ಹೊಡೆದು, ಮಿತಿ ಮೀರಿದ್ರೆ? ಆಗ ಕೇಸು ಕೊಲೆಯಿಂದ ಒಂದು ಮೆಟ್ಟಿಲು ಕೆಳಗೆ ಇಳಿಯಬಹುದು. ಆದರೂ ಜೈಲು ತಪ್ಪುವುದಿಲ್ಲ.

ಸರಿ, ಕೋರ್ಟಿಗೆ ಸತ್ಯ ಗೊತ್ತಾಗುವುದು ಹೇಗೆ? ಸುಳ್ಯದ ಕೊಲೆ ಕೇಸು ಅಂತಿಟ್ಟುಕೊಳ್ಳಿ, ಅದು ಅಲ್ಲಿಂದ ಸೆಷನ್ಸ್ ಕೋರ್ಟಿಗೆ ಹೋಗ್ತದೆ. ಅಲ್ಲಿ ನಡೆಯುವುದು ಒಂದು ರೀತಿಯ ಆಡಿಟ್. ಆಡಿಟರ್ "ಪಾರ್ಟಿ ಒಳ್ಳೆಯವರು" ಅಂತ ಎಂಟ್ರಿ ಪಾಸ್ ಮಾಡ್ತಾರಾ? ವೋಚರ್ ಎಲ್ಲಿ ಅಂತ ಕೇಳ್ತಾರೆ. ಇಲ್ಲಿಯೂ ಹಾಗೆ.

ಮೊದಲ ವೋಚರ್, ಸತ್ತವನ ಗಾಯ. ಎದುರಿನಿಂದ ಬಿದ್ದದ್ದಾ, ಬೆನ್ನಿಗಾ? ಒಂದು ಪೆಟ್ಟಾ, ಹದಿನೈದಾ? ಗುಂಡು ಎಷ್ಟು ದೂರದಿಂದ ಹೊಡೆದದ್ದು? ಪೋಸ್ಟ್‌ಮಾರ್ಟಂ ವರದಿ ಇದಕ್ಕೆ ಉತ್ತರ ಕೊಡ್ತದೆ.

ಎರಡನೆಯದು, ಆರೋಪಿಯ ಮೈಮೇಲಿನ ಗಾಯ. ಇದನ್ನು ತುಂಬಾ ಜನ ಮರೆತುಬಿಡ್ತಾರೆ. ಆರೋಪಿಗೂ ದೊಡ್ಡ ಗಾಯ ಆಗಿದ್ದು, ಅದು ಹೇಗಾಯ್ತು ಅಂತ ಪ್ರಾಸಿಕ್ಯೂಷನ್ ಹೇಳದಿದ್ರೆ, ಸಾಕ್ಷಿಗಳು ಏನೋ ಮುಚ್ಚಿಡ್ತಿದ್ದಾರೆ ಅಂತ ಕೋರ್ಟು ಭಾವಿಸಬಹುದು. 1976ರ ಲಕ್ಷ್ಮೀ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಸಣ್ಣಪುಟ್ಟ ತರಚು ಗಾಯಕ್ಕೆ ಈ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ.

ಮೂರನೆಯದು, ಜಾಗ. ರಕ್ತ ಬಿದ್ದದ್ದು ನಿಮ್ಮ ಅಂಗಳದಲ್ಲಾ, ಅವರ ಗೇಟಿನ ಹತ್ರವಾ? ನಮ್ಮೂರಿನ ಜುಲೈ ಮಳೆಗೆ ಒಂದೇ ರಾತ್ರಿಯಲ್ಲಿ ಎಲ್ಲ ತೊಳೆದುಹೋಗ್ತದೆ. ಹಾಗಾಗಿ ಸ್ಥಳ ಮಹಜರು ಬೇಗ ಆಗುವುದು ಮುಖ್ಯ.

ನಾಲ್ಕನೆಯದು, ಸಾಕ್ಷಿಗಳು. ಹಳ್ಳಿಯಲ್ಲಿ ನೋಡಿದವರು ಹೆಚ್ಚಾಗಿ ಸಂಬಂಧಿಕರೇ. ಸಂಬಂಧಿ ಅನ್ನುವ ಒಂದೇ ಕಾರಣಕ್ಕೆ ಅವರ ಮಾತನ್ನು ತೆಗೆದುಹಾಕುವುದಿಲ್ಲ, ಜಾಗ್ರತೆಯಿಂದ ಪರೀಕ್ಷಿಸ್ತಾರೆ. ಸಾಕ್ಷಿ ಉಲ್ಟಾ ಹೊಡೆದ್ರೂ ಅವರು ಹೇಳಿದ್ರಲ್ಲಿ ನಂಬಬಹುದಾದ ಭಾಗವನ್ನು ಕೋರ್ಟು ಇಟ್ಟುಕೊಳ್ಳಬಹುದು. ಆದರೆ "ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ" ಅಂತ ಟಿವಿಯಲ್ಲಿ ಬರ್ತದಲ್ಲ, ಆ ತಪ್ಪೊಪ್ಪಿಗೆ ಕೋರ್ಟಲ್ಲಿ ಅವನ ವಿರುದ್ಧ ಪುರಾವೆ ಆಗುವುದಿಲ್ಲ.

ಇನ್ನು, ಯಾರು ಎಷ್ಟು ಸಾಬೀತು ಮಾಡ್ಬೇಕು? ಪ್ರಾಸಿಕ್ಯೂಷನ್ ಸಕಾರಣ ಸಂಶಯಕ್ಕೆ ಜಾಗ ಇಲ್ಲದ ಹಾಗೆ ಪೂರ್ತಿ ಟ್ಯಾಲಿ ಮಾಡಿ ತೋರಿಸ್ಬೇಕು. ಆತ್ಮರಕ್ಷಣೆ ಅನ್ನುವ ಆರೋಪಿಗೆ ಅಷ್ಟು ದೊಡ್ಡ ಹೊರೆ ಇಲ್ಲ. ಅವನ ಕಥೆ ನಡೆದಿರುವ ಸಾಧ್ಯತೆಯೇ ಹೆಚ್ಚು ಅಂತ ಕಂಡ್ರೆ ಸಾಕು. ಪ್ರಾಸಿಕ್ಯೂಷನ್ ಸಾಕ್ಷಿಗಳ ಮಾತಿನಿಂದಲೇ ಅದನ್ನು ತೋರಿಸಲಿಕ್ಕೂ ಆಗ್ತದೆ.

ಎರಡು ಕೇಸು ನೋಡುವ. ಪಂಜಾಬಿನ ದರ್ಶನ್ ಸಿಂಗ್ ಕೇಸು, 1991ರ ಘಟನೆ. ಜಮೀನಿನ ಜಗಳ. ತನ್ನ ತಂದೆಗೆ ಎದುರಿನವ ಹರಿತವಾದ ಆಯುಧದಲ್ಲಿ ಹೊಡೆದು ಮತ್ತೊಂದು ಪೆಟ್ಟಿಗೆ ಕೈ ಎತ್ತಿದಾಗ ಗುಂಡು ಹೊಡೆದೆ ಅಂತ ದರ್ಶನ್ ಸಿಂಗ್ ಹೇಳಿದ್ದು. ತಂದೆಯ ಮೈಮೇಲೆ ಗಾಯ ಇತ್ತು. ಸೆಷನ್ಸ್ ಕೋರ್ಟು ಬಿಡುಗಡೆ ಮಾಡಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು. ಅಪಾಯ ಎದುರಿಗೆ ನಿಂತಿರುವಾಗ ಯಾರೂ ತಕ್ಕಡಿ ಹಿಡಿದು ಪೆಟ್ಟು ತೂಗುವುದಿಲ್ಲ ಅನ್ನುವುದನ್ನು ಕೋರ್ಟು ಒಪ್ಪಿತು. ಹಾಗೆಯೇ, ಈ ಹಕ್ಕು ತಡೆಯಲಿಕ್ಕೆ, ಶಿಕ್ಷಿಸಲಿಕ್ಕೆ ಅಲ್ಲ ಅಂತಲೂ ಹೇಳಿತು.

ಇನ್ನೊಂದು ಕೇರಳದ ಜೇಮ್ಸ್ ಮಾರ್ಟಿನ್ ಕೇಸು. 1988ರ ಮಾರ್ಚ್ 15, ಭಾರತ್ ಬಂದ್. ಹಿಟ್ಟಿನ ಮಿಲ್ಲು ಮುಚ್ಚಿಸಲಿಕ್ಕೆ ಬಂದವರ ಗುಂಪು ಒಳಗೆ ನುಗ್ಗಿತು, ಮಿಲ್ಲಿನವರು ಗುಂಡು ಹೊಡೆದರು, ಇಬ್ಬರು ಸತ್ತರು. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ತಪ್ಪಿತಸ್ಥ ಅಂದವು. 2003ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಆತ್ಮರಕ್ಷಣೆ ಅಂತ ಒಪ್ಪಿತು. ಲೆಕ್ಕ ಹಾಕಿ, 15 ವರ್ಷ. ಮೊದಲನೆಯ ಕೇಸಲ್ಲಿ 18 ವರ್ಷಕ್ಕಿಂತ ಹೆಚ್ಚು. ಗೆದ್ದವರ ಕಥೆ ಇದು! ವಾಟ್ಸ್‌ಆ್ಯಪಲ್ಲಿ "ಹೊಡೀರಿ, ಕಾನೂನು ಉಂಟು" ಅಂದವರು ಅಷ್ಟು ವರ್ಷ ನಿಮ್ಮ ಜೊತೆ ಕೋರ್ಟಿಗೆ ಬರ್ತಾರಾ?

ಹಾಗಂತ ಹೆದರಿ ಪೆಟ್ಟು ತಿನ್ನಿ ಅಂತ ನಾನು ಹೇಳ್ತಾ ಇಲ್ಲ. ಜೀವಕ್ಕೆ ಬಂದಾಗ ಎದುರಿಸುವ ಹಕ್ಕು ನಿಮ್ಮದೇ. ಅಂಥದ್ದು ನಡೆದ್ರೆ ಕೂಡಲೇ 112ಕ್ಕೆ ಫೋನ್ ಮಾಡಿ. ಗಾಯಗೊಂಡವ ಎದುರಾಳಿ ಆದ್ರೂ ಆಸ್ಪತ್ರೆಗೆ ಸೇರಿಸಿ. ನಿಮ್ಮ ಗಾಯವನ್ನೂ ಡಾಕ್ಟರಿಗೆ ತೋರಿಸಿ ದಾಖಲು ಮಾಡಿಸಿ. ಆಯುಧ ತೊಳೀಬೇಡಿ, ಜಾಗ ಸ್ವಚ್ಛ ಮಾಡ್ಬೇಡಿ. ವಕೀಲರ ಹತ್ರ ಮಾತಾಡಿ. ದುಡ್ಡಿಲ್ಲದಿದ್ರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಕೊನೆಗೆ ಒಂದು ಮಾತು. ಆತ್ಮರಕ್ಷಣೆಯ ಕೇಸಲ್ಲಿ ಬದುಕಿದವ ತನ್ನ ಕಥೆ ಹೇಳ್ತಾನೆ. ಸತ್ತವ ಎದ್ದು ಬಂದು "ಹಾಗಲ್ಲ ಸ್ವಾಮೀ, ನಾನು ಓಡ್ತಾ ಇದ್ದೆ" ಅನ್ನುವುದಿಲ್ಲ. ಅವನ ಪರವಾಗಿ ಮಾತಾಡುವುದು ಗಾಯ, ಜಾಗ, ಸಾಕ್ಷಿ ಮಾತ್ರ. ಕೋರ್ಟು ಅಷ್ಟು ಪ್ರಶ್ನೆ ಕೇಳುವುದು ಅದಕ್ಕೇ. ಅಡಿಕೆ ಹೋದ್ರೆ ಮುಂದಿನ ಕೊಯ್ಲಿಗೆ ಬರ್ತದೆ. ಜೀವಕ್ಕೆ ಮುಂದಿನ ಕೊಯ್ಲು ಇಲ್ಲ.

ನಿಮ್ಮ ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಆ ಗ್ರೂಪಿಗೂ ಈ ಎಪಿಸೋಡ್ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗುವ.