ಹರವಿ, ಬರಣಿ ಮತ್ತು ಕಂಬದ ಮೇಲಿನ ಬಿಳಿ ಬಟ್ಟಲು

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್ಸೆಸ್ಸೆಲ್ಸಿ ತನಕ ಓದಿ ಒಕ್ಕಲುತನ ಮಾಡಿಕೊಂಡಿರುವವರು. ಸಾಲ, ಬೀಜ, ಗೊಬ್ಬರದ ಲೆಕ್ಕ ಅಧ್ಯಕ್ಷರು ಹೇಳಿದ್ದಾರೆ. ನಾವು ಪಿಂಗಾಣಿ ಬಗ್ಗೆ ನಾಲ್ಕು ಮಾತು ಹೇಳ್ತೀವಿ. ಇದೆಂಥಾ ವಿಷಯ ಅಂತ ನಗಬ್ಯಾಡ್ರಿ, ಕಡೀತನಕ ಕೇಳ್ರಿ.

ಹೋಳಿ ಹುಣ್ಣಿಮೆಯಾದ ಐದನೇ ದಿನ ಕಲಬುರಗಿ ಶ್ರೀ ಶರಣಬಸವೇಶ್ವರರ ತೇರು. ಅಂದು ಪರುಷ ಬಟ್ಟಲಿನ ದರ್ಶನ ಮಾಡಿಕೊಂಡು ನಮ್ಮ ಅವ್ವ ಜಾತ್ರಿ ಅಂಗಡಿಯಲ್ಲಿ ಉಪ್ಪಿನಕಾಯಿಗೆ ಚೀನಿ ಬರಣಿ ಕೊಳ್ಳುತ್ತಿದ್ದಳು. ಬೆರಳಿಂದ ಬಡಿದು ನೋಡೋದು. ಠಣ್ ಅಂದ್ರ ತಗೊಳ್ಳೋದು, ಸಪ್ಪಳ ಒಡಕು ಬಂದ್ರ ಸೀಳು ಅದ ಅಂತ ಇಟ್ಟು ಬರೋದು. ಬರಣಿ ಒರಟು ಜಾತಿ, ಚಹಾದ ಕಪ್ಪು-ಬಸಿ ನಾಜೂಕು ಜಾತಿ.

ಕುಂಬಾರ ಗುಂಡಯ್ಯ ಶರಣರ ಕಾಯಕವೂ ಮಣ್ಣಿನದೇ. ಆದರೆ ಹರವಿಗೂ ಪಿಂಗಾಣಿಗೂ ಬಹಳ ಫರಕು ಅದ. ಹರವಿ ಸಾವಿರ ಡಿಗ್ರಿಯೊಳಗಿನ ಉರಿಯಲ್ಲಿ ಸುಡುತ್ತದೆ, ಮೈತುಂಬ ಸಣ್ಣ ತೂತು ಉಳಿಯುತ್ತವೆ. ಅದಕ್ಕೇ ಹರವಿ ಬೆವರತದ, ನೀರು ತಣ್ಣಗಾಗತದ. ಪಿಂಗಾಣಿಗೆ ಬಿಳಿ ಜೇಡಿ, ಬೆಣಚುಕಲ್ಲಿನ ಪುಡಿ, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ, ಮೂರೂ ಕೂಡಬೇಕು. ನೀರು ಹಾಕಿ ನುಣ್ಣಗೆ ಅರೆದು, ನೀರು ಹಿಂಡಿ, ಒಳಗಿನ ಗಾಳಿ ತೆಗೆದು, ಆಕಾರ ಕೊಟ್ಟು ನಿಧಾನ ಒಣಗಿಸುತ್ತಾರೆ. ಅವಸರ ಮಾಡಿದರೆ ಸೀಳುತ್ತದೆ. ಮೇಲೆ ಹೊಳಪಿನ ಲೇಪ ಕೊಟ್ಟು ಸುಮಾರು 1300 ಡಿಗ್ರಿ ಉರಿಯಲ್ಲಿ ಸುಟ್ಟಾಗ ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ತೂತೆಲ್ಲ ಮುಚ್ಚುತ್ತದೆ. ಒಳಗೆ ಹನಿ ನೀರು ಇಳಿಯೋದಿಲ್ಲ.

ಚೀನಾದವರು ಸಾವಿರ ವರ್ಷಕ್ಕೂ ಹಿಂದೆಯೇ ಇದನ್ನು ಬಲ್ಲವರು. ಯುರೋಪಿನವರು ಎಷ್ಟೋ ಕಾಲ ಒದ್ದಾಡಿ, 1710ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಕಾರ್ಖಾನೆ ತೆಗೆದರು. ನಮ್ಮ ನಾಡಿನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ನಡೆಸಿತು. ಅದು 1976ರಲ್ಲಿ ಬಿಎಚ್‌ಇಎಲ್‌ಗೆ ಸೇರಿತು. ಅಲ್ಲಿನ ಮುಖ್ಯ ಮಾಲು ಕಪ್ಪು-ಬಸಿ ಅಲ್ಲ, ಕರೆಂಟಿನ ಕಂಬಕ್ಕೆ ಹಾಕುವ ಇನ್ಸುಲೇಟರು. ನಾವು ಬಿಳಿ ಬಟ್ಟಲು ಅಂತೀವಲ್ಲ, ಅದೇ. ಛತ್ರಿಯಂತೆ ಮಡಿಕೆ ಇರೋದು ಮಳೆಯಲ್ಲೂ ಕೆಳಮೈ ಒಣಗಿರಲಿ ಅಂತ. ತಂತಿಯ ಕರೆಂಟು ಕಂಬಕ್ಕೆ ಇಳಿಯದಂತೆ ತಡೆಯೋದು ಅದೊಂದೇ. ಈಚೆಗೆ ಪ್ಲಾಸ್ಟಿಕ್ ಜಾತಿಯವೂ ಬಂದಿವೆ, ಆದರೆ ಎಷ್ಟೋ ಕಂಬಗಳ ಮೇಲೆ ಇನ್ನೂ ಪಿಂಗಾಣಿಯೇ ಅದ.

ಈಗ ನಮ್ಮ ತಪ್ಪು ಹೇಳ್ತೀವಿ. ಆರು ವರ್ಷದ ಹಿಂದೆ ನಮ್ಮ ಹೊಲದ ಬದುವಿನ ಕಬ್ಬಿಣದ ಕಂಬದ ಬಟ್ಟಲಿಗೆ ಹುಡುಗರು ಗುರಿ ಇಟ್ಟು ಕಲ್ಲು ಹೊಡೆದರು. ಅವರಲ್ಲಿ ನಮ್ಮ ಮಗನೂ ಇದ್ದ. ಒಂದು ಚೂರು ಹಾರಿ ಬಿತ್ತು. ನಾವು ಕಣ್ಣಾರೆ ನೋಡಿದೆವು. ಮೋಟಾರು ನಡೀತದಲ್ಲ, ಇರಲಿ ಬಿಡು ಅಂದೆವು. ಲೈನ್‌ಮನ್‌ಗೆ ಹೇಳಲಿಲ್ಲ. ಮಿರಗದ ಮೊದಲ ಮಳೆ ಬಿದ್ದ ದಿನ ನಮ್ಮ ಎತ್ತು ಕಂಬಕ್ಕೆ ಮೈ ತಿಕ್ಕಲಿಕ್ಕೆ ಹೋಗಿ ಅಲ್ಲೇ ಬಿತ್ತು, ಮತ್ತೆ ಏಳಲಿಲ್ಲ. ಮಗ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ. ಆ ನಾಲ್ಕು ಹೆಜ್ಜೆ ನೆನೆದರೆ ಇವತ್ತಿಗೂ ನಮಗೆ ನಿದ್ದಿ ಹತ್ತೋದಿಲ್ಲ.

ಹತ್ತು ರೂಪಾಯಿ ಕಪ್ಪು ಬಡಿದು ನೋಡಿ ತಗೊಳ್ಳೋ ನಾವು, ಜೀವ ಕಾಯುವ ಬಟ್ಟಲನ್ನು ತಲೆ ಎತ್ತಿ ನೋಡೋದಿಲ್ಲ. ಆದ್ದರಿಂದ ಸಂಘಕ್ಕೆ ನಮ್ಮದೊಂದು ಅರಿಕೆ. ಕಚೇರಿಯಲ್ಲಿ ಒಂದು ವಹಿ ಇಡೋಣ. ಯಾರ ಹೊಲದ ಬಟ್ಟಲು ಒಡೆದರೂ ಅದೇ ದಿನ ಬರೆಸಿ ಲೈನ್‌ಮನ್‌ಗೆ ತಿಳಿಸೋಣ. ನಾವಾಗಿ ಯಾರೂ ಕಂಬ ಹತ್ತೋದು ಬ್ಯಾಡ. ಕಂಬಕ್ಕೆ ದನ ಕಟ್ಟೋದು ಬ್ಯಾಡ. ಕಲ್ಲು ಹೊಡೆಯುವ ಹುಡುಗರಿಗೆ ಬೈಯೋದಕ್ಕಿಂತ ಈ ಎತ್ತಿನ ಕತೆ ಹೇಳ್ರಿ. ನಮ್ಮ ಹೆಸರು ಹಿಡಿದೇ ಹೇಳ್ರಿ, ನಮಗೆ ಬ್ಯಾಸರಿಲ್ಲ.

ಮೂರು ಪುಡಿ ಬೇರೆ ಬೇರೆ ಇದ್ದರೆ ಗಾಳಿಗೆ ಹಾರುತ್ತವೆ, ಕೂಡಿ ಬೆಂದರೆ ಕರೆಂಟನ್ನೇ ತಡೆಯುತ್ತವೆ. ಸಂಘವೂ ಹಂಗೇ. ತಪ್ಪು ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ಶರಣು ಶರಣಾರ್ಥಿ. ಜೈ ಸಹಕಾರ.