ಮದ್ದೂರಲ್ಲಿ ಇಳಿದರೆ ಮಾತ್ರ ಊಟ: ಹಳೇ ಹೆದ್ದಾರಿಯ ಮುದ್ದೆ ಹೋಟೆಲ್‌ಗಳ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಊಟ. ಅದರಲ್ಲೂ ಪ್ರಯಾಣದ ಮಧ್ಯೆ, ಬೇರೆ ಊರಿನ ಹಳೇ ಹೋಟೆಲ್‌ನಲ್ಲಿ ಉಣ್ಣೋದು.

ಗ್ರೀಸ್ ದೇಶಕ್ಕೆ ಪ್ರವಾಸ ಹೋದವರು ಅಲ್ಲಿನ ತವೆರ್ನಾ ಹುಡುಕ್ಕೊಂಡು ಹೋಗ್ತಾರೆ. ತವೆರ್ನಾ ಅಂದ್ರೆ ಹೆಚ್ಚಾಗಿ ಒಂದು ಮನೆಯವರೇ ನಡೆಸೋ ಸಣ್ಣ ಊಟದ ಹೋಟೆಲ್. ಹಳೇ ಕಾಲದ ತವೆರ್ನಾಗಳಲ್ಲಿ ಗಿರಾಕಿ ಸೀದಾ ಅಡುಗೆಮನೆಗೆ ಹೋಗಿ, ಪಾತ್ರೆಯಲ್ಲಿ ಏನಿದೆ ಅಂತ ನೋಡಿ, ‘ಇದು ಕೊಡಿ’ ಅಂತ ಹೇಳೋ ರೂಢಿ ಇತ್ತು. ಅಂಥ ಜಾಗ ನೋಡೋಕೆ ವಿಮಾನ ಹತ್ತಬೇಕಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮುದ್ದೆ ಹೋಟೆಲ್, ಮಿಲಿಟ್ರಿ ಹೋಟೆಲ್‌ಗೆ ಹೋಗಿ. ಅಲ್ಲಿ ಮೆನು ಕಾರ್ಡ್ ಕೇಳಬೇಡಿ. ‘ಇವತ್ತು ಏನೈತಣ್ಣ?’ ಅಂತ ಕೇಳಿ. ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ತಲೆ ಮಾಂಸ, ಕೈಮ ಉಂಡೆ ಅಂತ ಒಂದೇ ಉಸಿರಲ್ಲಿ ಪಟ್ಟಿ ಬರುತ್ತೆ. ಕೊನೆಗೆ ಒಂದೇ ಪ್ರಶ್ನೆ: ‘ಮುದ್ದೆನೋ, ಅನ್ನಾನೋ?’

ಈ ಭಾಗದ ಹೋಟೆಲ್ ಊಟವನ್ನ ಬೆಳೆಸಿದ್ದು ದಾರಿ. ಮದ್ದೂರು ವಡೆಯನ್ನೇ ತಗೊಳ್ಳಿ. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನ ಉಪಾಹಾರ ಗೃಹದಲ್ಲಿ ರಾಮಚಂದ್ರ ಬುಧ್ಯ ಅವರು ಇದನ್ನ ಶುರು ಮಾಡಿದರು ಅಂತ ಹೇಳ್ತಾರೆ. ಟ್ರೈನ್ ಬೇಗ ಬಂದುಬಿಡ್ತು, ಉಂಡೆ ಕಟ್ಟಿ ನಿಧಾನಕ್ಕೆ ಬೇಯಿಸೋಕೆ ಟೈಮಿರಲಿಲ್ಲ, ಹಿಟ್ಟನ್ನ ತಟ್ಟಿ ಎಣ್ಣೆಗೆ ಬಿಟ್ಟರು ಅನ್ನೋದು ಊರ ಕತೆ. ಕತೆ ಹೇಗೇ ಇರಲಿ, ವಡೆ ನೋಡಿದ್ರೆ ಗೊತ್ತಾಗುತ್ತೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ತೆಳ್ಳಗೆ ತಟ್ಟಿದ್ದರಿಂದ ಬೇಗ ಬೇಯುತ್ತೆ. ಚಟ್ನಿ ಇಲ್ಲದಿದ್ರೂ ನಡೆಯುತ್ತೆ, ಪೇಪರಲ್ಲಿ ಸುತ್ತಿ ಕೊಟ್ಟರೆ ಕಿಟಕಿ ಪಕ್ಕ ಕೂತು ತಿನ್ನಬಹುದು. ಪ್ರಯಾಣಿಕನಿಗಾಗಿಯೇ ಹುಟ್ಟಿದ ತಿಂಡಿ ಅದು.

ಆಮೇಲೆ ಬಸ್ಸು, ಕಾರು ಜಾಸ್ತಿ ಆದವು. ಬೆಂಗಳೂರು–ಮೈಸೂರು ಹೆದ್ದಾರಿ ಊರೂರ ಒಳಗೇ ಹಾಯ್ದು ಹೋಗ್ತಿತ್ತು. ರಸ್ತೆಯ ಎರಡೂ ಬದಿ ತಿಂಡಿ ಹೋಟೆಲ್, ಮುದ್ದೆ ಹೋಟೆಲ್, ಎಳನೀರು, ಕಬ್ಬಿನ ಹಾಲು. ಯಾರೂ ಪ್ಲಾನ್ ಮಾಡ್ತಿರಲಿಲ್ಲ. ಹಸಿವಾದ ಕಡೆ ಗಾಡಿ ನಿಲ್ಲಿಸೋದು, ಅಷ್ಟೇ.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಪ್ರಧಾನಿ ನರೇಂದ್ರ ಮೋದಿ 118 ಕಿ.ಮೀ. ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ಮೂರು ಗಂಟೆಯ ದಾರಿ ಒಂದೂಕಾಲು ಗಂಟೆಗೆ ಇಳಿಯುತ್ತೆ ಅಂದ್ರು. ಬೈಪಾಸು, ಮೇಲ್ಸೇತುವೆಗಳಿಂದಾಗಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಯಾವ ಊರಿನ ಒಳಕ್ಕೂ ಹೋಗಬೇಕಿಲ್ಲ. ಆಸ್ಪತ್ರೆಗೆ ಹೋಗೋರಿಗೆ, ದಿನಾ ಓಡಾಡೋರಿಗೆ ಇದು ದೊಡ್ಡ ಅನುಕೂಲ. ಊರೊಳಗಿನ ಟ್ರಾಫಿಕ್ಕೂ ಕಮ್ಮಿ ಆಯ್ತು. ಅದನ್ನ ಅಲ್ಲಗಳೆಯೋ ಹಾಗಿಲ್ಲ. ಆದರೆ ವ್ಯಾಪಾರ ಬಿದ್ದುಹೋಯ್ತು ಅಂತ ಹಳೇ ರಸ್ತೆಯ ಹೋಟೆಲಿನವರು, ಚನ್ನಪಟ್ಟಣದ ಗೊಂಬೆ ಅಂಗಡಿಯವರು ಹೇಳ್ತಾನೇ ಬಂದಿದ್ದಾರೆ.

ಗಿರಾಕಿ ಕಮ್ಮಿ ಆದ್ರೆ ಬರೀ ಗಲ್ಲಾ ಪೆಟ್ಟಿಗೆಗೆ ನಷ್ಟ ಅಂದ್ಕೋಬೇಡಿ. ರುಚಿಗೂ ಪೆಟ್ಟು. ಯಾಕೆ ಅಂದ್ರೆ, ಮುದ್ದೆ ಕಾಯೋ ಅಡುಗೆ ಅಲ್ಲ. ಕುದಿಯೋ ಎಸರಿಗೆ ರಾಗಿಹಿಟ್ಟು ಹಾಕಿ, ಬೇಯಿಸಿ, ಕೋಲಲ್ಲಿ ಗಂಟಿಲ್ಲದ ಹಾಗೆ ತಿರುವಿ, ಬಿಸಿ ಇರುವಾಗಲೇ ಕಟ್ಟಬೇಕು. ಆರಿದರೆ ಗಟ್ಟಿ ಆಗುತ್ತೆ, ಮತ್ತೆ ಬಿಸಿ ಮಾಡಿದ್ರೂ ಮೊದಲಿನ ಹದ ಬರಲ್ಲ. ಮಧ್ಯಾಹ್ನ ಜನ ತುಂಬಿದ್ರೆ ಒಂದಾದ ಮೇಲೊಂದು ಎಸರು ಇಡ್ತಾರೆ, ಎಲ್ಲರ ತಟ್ಟೆಗೂ ಹೊಗೆಯಾಡೋ ಮುದ್ದೆ. ಜನ ಇಲ್ಲ ಅಂದ್ರೆ ಬೆಳಿಗ್ಗೆ ಕಟ್ಟಿದ್ದೇ ಗತಿ. ಬೋಟಿ, ತಲೆ ಮಾಂಸ ಕೂಡ ಅವತ್ತಿನದು ಅವತ್ತೇ ಖಾಲಿ ಆಗಬೇಕು. ಅಂದ್ರೆ ಆ ರುಚಿಯಲ್ಲಿ ಗಿರಾಕಿಯ ಪಾಲೂ ಇದೆ.

ಆ ರಾಗಿಗೂ ಮಂಡ್ಯದ ನಂಟಿದೆ. ಇಲ್ಲಿನ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯ ಅವರು ನಮ್ಮ ರಾಗಿಯನ್ನ ಆಫ್ರಿಕಾದ ರಾಗಿ ಜೊತೆ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನ ಕೊಟ್ಟರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ಇನ್ನು ಮಾಂಸದ ವಿಷಯಕ್ಕೆ ಬಂದ್ರೆ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ. ಗಿಡ್ಡ ಕಾಲು, ತುಂಬಿದ ಮೈ, ಮೆತ್ತನೆ ಮಾಂಸ. ಅದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವೂ ಇದೆ. ಶುದ್ಧ ತಳಿ ಕಮ್ಮಿ ಆಗಿದೆ. ಹಾಗಾಗಿ ಬೋರ್ಡಲ್ಲಿ ‘ಬನ್ನೂರು ಕುರಿ’ ಅಂತ ಇದ್ದ ಮಾತ್ರಕ್ಕೆ ನಂಬಬೇಡಿ.

ಸರಿ, ಹೋಗೋದು ಹೇಗೆ? ಕಾರಲ್ಲಿದ್ರೆ, ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬೇಕು ಅಂತ ಹೊರಡೋಕೆ ಮುಂಚೆನೇ ಮ್ಯಾಪಲ್ಲಿ ನೋಡ್ಕೊಳ್ಳಿ. ತಪ್ಪಿಹೋಯ್ತಾ? ಮುಂದಿನ ಕಡೆ ಇಳೀರಿ, ದಯವಿಟ್ಟು ರಿವರ್ಸ್ ಬರಬೇಡಿ. ಬೈಕಿನವರಿಗೆ 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಗೆ ಪ್ರವೇಶವೇ ಇಲ್ಲ. ನೀವು ಹೇಗಿದ್ರೂ ಹೋಟೆಲ್ ಇರೋ ರಸ್ತೆಯಲ್ಲೇ ಇರ್ತೀರಿ! ಶಿವನಸಮುದ್ರದ ಗಗನಚುಕ್ಕಿ ನೋಡೋಕೆ ಹೊರಟವರು ಮದ್ದೂರಿಂದ ಮಳವಳ್ಳಿ ಮೇಲೆ ಹೋಗಿ, ಊಟ ಮಳವಳ್ಳಿಯಲ್ಲೇ ಮಾಡಿ.

ಹನ್ನೆರಡೂವರೆಯಿಂದ ಎರಡರ ಒಳಗೆ ಹೋದ್ರೆ ಒಳ್ಳೇದು. ಲಾರಿ ಡ್ರೈವರ್‌ಗಳು, ಸಂತೆಗೆ ಬಂದವರು, ಕೋರ್ಟು ಕಚೇರಿಯವರು ಎಲ್ಲಿ ಕೂತಿದ್ದಾರೋ ಅಲ್ಲಿ ಕೂರಿ. ಮುದ್ದೆ ಅಗಿಯಬೇಡಿ. ಒಂದು ತುತ್ತು ಮುರಿದು, ಸಾರಲ್ಲಿ ಹೊರಳಿಸಿ, ನುಂಗಿ. ಸಾಮಾನ್ಯವಾಗಿ ಸಾರು ಇನ್ನೊಂದ್ಸಲ ಹಾಕ್ತಾರೆ, ಆದರೆ ಚಾಪ್ಸು, ಫ್ರೈಗಳ ಬಿಲ್ಲು ಬೇರೆ, ಮೊದಲೇ ಕೇಳ್ಕೊಳ್ಳಿ. ಮಾಂಸ ತಿನ್ನಲ್ವಾ? ಬಸ್ಸಾರು, ಉಪ್ಸಾರು, ಹುರುಳಿಕಾಳು ಸಾರು ಸಿಗೋ ಮುದ್ದೆ ಹೋಟೆಲ್ಲೂ ಇವೆ. ಅವರೆಕಾಯಿ ಕಾಲದಲ್ಲಿ ಹೋದ್ರೆ ಹಿದಕಿದವರೆ ಸಾರು ಕೇಳಿ. ಉಂಡಾದ ಮೇಲೆ ಅಲ್ಲೇ ಕೂತು ರೀಲ್ಸ್ ನೋಡಬೇಡಿ, ಹಿಂದೆ ಒಬ್ಬರು ಸೀಟಿಗೆ ಕಾಯ್ತಿರ್ತಾರೆ.

ಕೊನೆಗೊಂದು ಮಾತು. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಮದ್ಯ, ತಂಬಾಕಿನ ಜೊತೆ ಮಾಂಸಾಹಾರಕ್ಕೂ ನಿಷೇಧ ಅಂದಾಗ ಮಂಡ್ಯದಲ್ಲಿ ಸಿಟ್ಟು ಎದ್ದಿತು. ‘ಬಾಡೇ ನಮ್ ಗಾಡು’ ಅನ್ನೋ ಘೋಷಣೆ ನಿಮ್ಮ ಫೋನಿಗೂ ಬಂದಿರುತ್ತೆ. ಎಷ್ಟೋ ಜನ ಅದನ್ನ ಮೀಮ್ ಮಾಡಿ ನಕ್ಕರು. ಆದರೆ ಅಲ್ಲಿದ್ದ ಪ್ರಶ್ನೆ ಗಂಭೀರವಾದದ್ದು: ನಮ್ಮನೆ ಊಟ ಹೆಂಡ, ಹೊಗೆಸೊಪ್ಪಿನ ಸಾಲಿಗೆ ಸೇರೋದಾ?

ಆ ಪ್ರಶ್ನೆಗೆ ಮಿಲಿಟ್ರಿ ಹೋಟೆಲ್‌ಗಳು ಎಷ್ಟೋ ವರ್ಷಗಳಿಂದ ತಮ್ಮ ರೀತಿಯಲ್ಲಿ ಉತ್ತರ ಕೊಡ್ತಿವೆ. ಮನೆಯಲ್ಲಿ ಉಣ್ಣೋದನ್ನೇ ಬೋರ್ಡ್ ಹಾಕಿ, ಬಂದವರಿಗೆಲ್ಲ ಬಡಿಸ್ತಿವೆ. ಮೊದಲು ರಸ್ತೆನೇ ನಮ್ಮನ್ನ ಅವುಗಳ ಬಾಗಿಲಿಗೆ ತಂದು ಬಿಡ್ತಿತ್ತು. ಈಗ ಮನಸ್ಸು ಮಾಡಿ ನಾವೇ ಇಳಿಯಬೇಕು. ಒಂದು ಗಂಟೆ ತಡ ಆಗಬಹುದು. ಆದರೆ ಮೈಸೂರು ಎಲ್ಲಿಗೂ ಓಡಿಹೋಗಲ್ಲ.

ನಿಮ್ಮ ಊರ ದಾರಿಯಲ್ಲಿ ಇಂಥ ಹೋಟೆಲ್ ಯಾವುದಿದೆ, ಅಲ್ಲಿ ಏನು ಚೆನ್ನಾಗಿರುತ್ತೆ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲೀವರೆಗೂ ಹೊಟ್ಟೆ ತುಂಬ ಉಣ್ಣಿ, ಹುಷಾರಾಗಿ ಗಾಡಿ ಓಡಿಸಿ.